ಕ್ರೇನಿನ ಮೇಲೆ ಬರೆದ ಅಂಕಿ

ಜೂನ್ 1ರಿಂದ ಜುಲೈ 31ರ ವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಂತ್ರದೋಣಿಗಳು ಮೀನುಗಾರಿಕೆಗಾಗಿ ಕಡಲಿಗಿಳಿಯುವಂತಿಲ್ಲ. ಭಟ್ಕಳ, ಹೊನ್ನಾವರದ ಕಾಸರಕೋಡು, ಕುಮಟಾ ತಾಲ್ಲೂಕಿನ ತದಡಿ ಮೊದಲಾದ ಬಂದರುಗಳಲ್ಲಿ ಆ ಎರಡು ತಿಂಗಳು ದೋಣಿಗಳಿಗೆ ವಿಶ್ರಾಂತಿ. ತಳವನ್ನು ಕೆರೆದು ಬಣ್ಣ ಬಳಿಯುವುದು, ಎಂಜಿನ್ನನ್ನು ಬಿಚ್ಚಿ ಸರಿಪಡಿಸುವುದು ಎಲ್ಲವೂ ಆಗಲೇ ನಡೆಯಬೇಕು. ಹಿಂದೆ ದೋಣಿಯ ಕೆಳಗೆ ಮರದ ಉರುಳೆಗಳನ್ನಿಟ್ಟು, ಊರಿನ ಜನವೆಲ್ಲ ಹಗ್ಗ ಹಿಡಿದು, ಕೂಗು ಹಾಕುತ್ತ ಅದನ್ನು ದಡಕ್ಕೆಳೆಯುತ್ತಿದ್ದರು. ಈಗ ಆ ಕೆಲಸಕ್ಕೆ ಅನೇಕ ಕಡೆ ಕ್ರೇನು ಬಂದಿದೆ.

ಕೆಲವು ವರ್ಷಗಳ ಹಿಂದೆ ಅಂಥದೊಂದು ದಡದಲ್ಲಿ ನಾವು ಈ ಕೆಲಸವನ್ನು ನೋಡುತ್ತ ನಿಂತಿದ್ದೆವು. ಬಂದಿದ್ದುದು ನಾಲ್ಕು ಗಾಲಿಗಳ, ಮುಂದಕ್ಕೆ ಚಾಚಿದ ಒಂದೇ ಕೈಯುಳ್ಳ, ನಮ್ಮ ಜನ 'ಹೈಡ್ರಾ' ಎಂದು ಕರೆಯುವ ಬಗೆಯ ಕ್ರೇನು. ಅದರ ಪಕ್ಕದಲ್ಲಿ ದೊಡ್ಡ ಅಕ್ಷರಗಳಲ್ಲಿ '14 ಟನ್' ಎಂದು ಬರೆದಿತ್ತು. ದೋಣಿಯ ತೂಕ ಸುಮಾರು 6 ಟನ್ ಇರಬಹುದೆಂದು ಅದರ ಒಡೆಯರು ಹೇಳಿದರು. ದಕ್ಕೆಯ ಅಂಚಿನಲ್ಲಿ ಒಂದು ಕಟ್ಟೆ ಅಡ್ಡವಿದ್ದುದರಿಂದ ಕ್ರೇನು ನೀರಿನ ಸಮೀಪಕ್ಕೆ ಹೋಗಲಾರದೆ ದೂರದಿಂದಲೇ ತನ್ನ ಕೈಯನ್ನು ಉದ್ದಕ್ಕೆ ಚಾಚಿತು. ಬೆಲ್ಟುಗಳು ಬಿಗಿದುವು, ದೋಣಿ ನೀರಿನಿಂದ ಮೇಲೇಳತೊಡಗಿತು. ಅದು ನೀರನ್ನು ಪೂರ್ತಿ ಬಿಡುವ ಹೊತ್ತಿಗೆ ಕ್ರೇನಿನ ಹಿಂಗಾಲಿಗಳು ನೆಲದಿಂದ ಒಂದು ಗೇಣು ಮೇಲಕ್ಕೆದ್ದುವು. ಚಾಲಕನು ತಡಮಾಡದೆ ದೋಣಿಯನ್ನು ಮತ್ತೆ ನೀರಿಗಿಳಿಸಿದನು. ಪಕ್ಕದಲ್ಲಿ ನಿಂತಿದ್ದ ಒಬ್ಬರು ನಗುತ್ತ, "ಹದಿನಾಲ್ಕು ಟನ್ನಿನ ಕ್ರೇನಿಗೆ ಆರು ಟನ್ನು ಯಾವ ಲೆಕ್ಕ ಮಾರಾಯ್ರೆ? ಎತ್ತಿಸಿ!" ಎಂದರು.

ಆರು ಟನ್ನು ಯಾವ ಲೆಕ್ಕ? ಅದೇ ಲೆಕ್ಕವನ್ನು ನಾವೀಗ ಮಾಡಿ ನೋಡೋಣ.

ನಮ್ಮ ಹಿರಿಯರ ತೋಟದ ಬಾವಿಗಳ ಮೇಲೆ ಏತವಿರುತ್ತಿತ್ತು. ಉದ್ದವಾದ ಮರದ ಒಂದು ತುದಿಯಲ್ಲಿ ನೀರಿನ ಬಾನಿ, ಇನ್ನೊಂದು ತುದಿಯಲ್ಲಿ ಕಟ್ಟಿದ ಕಲ್ಲು, ನಡುವೆ ಕವಲುಕಂಬದ ಆನಿಕೆ. ಇದು ಶಾಲೆಯಲ್ಲಿ ಓದಿದ ಸನ್ನೆಯೇ. ಸನ್ನೆಯ ಮೇಲೆ ಭಾರವೊಂದು ಮಾಡುವ ಪರಿಣಾಮವು ಅದರ ತೂಕವನ್ನು ಮಾತ್ರ ಅವಲಂಬಿಸಿಲ್ಲ. ಆನಿಕೆಯಿಂದ ಅದು ಎಷ್ಟು ದೂರದಲ್ಲಿದೆ ಎಂಬುದನ್ನೂ ಅಷ್ಟೇ ಅವಲಂಬಿಸಿದೆ. ತೂಕವನ್ನೂ ದೂರವನ್ನೂ ಗುಣಿಸಿದರೆ ಬರುವ ಮೊತ್ತಕ್ಕೆ ಬಲದ ಭ್ರಾಮಕವೆಂದು ಹೆಸರು. ಕ್ರೇನು ಕೂಡ ಒಂದು ಏತವೇ. ಆದರೆ ಅದರಲ್ಲಿ ಕಲ್ಲಿನ ಬದಲು ಇಡೀ ಯಂತ್ರವೇ ಹಿಂದಿನ ಭಾರವಾಗಿ ಕುಳಿತಿರುತ್ತದೆ; ಆನಿಕೆಯ ಸ್ಥಾನದಲ್ಲಿ ಮುಂದಿನ ಗಾಲಿಗಳು ನೆಲವನ್ನು ಮುಟ್ಟುವ ಗೆರೆಯಿರುತ್ತದೆ.

ಉದಾಹರಣೆಗಾಗಿ ಒಂದು ಕ್ರೇನಿನ ತೂಕ 12 ಟನ್ ಎಂದೂ, ಅದರ ಗುರುತ್ವಕೇಂದ್ರವು ಮುಂಗಾಲಿಗಳಿಂದ 2 ಮೀಟರ್ ಹಿಂದೆ ಇದೆಯೆಂದೂ ಇಟ್ಟುಕೊಳ್ಳೋಣ. ಯಂತ್ರವನ್ನು ನೆಲಕ್ಕೆ ಕೂರಿಸುವ ಭ್ರಾಮಕ 24 ಟನ್-ಮೀಟರ್. ಭಾರವು ಮುಂಗಾಲಿಗಳಿಂದ ಒಂದೂವರೆ ಮೀಟರ್ ಮುಂದೆ ತೂಗುತ್ತಿದ್ದರೆ 16 ಟನ್ನಿಗೆ ತಕ್ಕಡಿ ಸಮನಾಗುತ್ತದೆ. ಭಾರವನ್ನು 3 ಮೀಟರ್ ದೂರಕ್ಕೆ ಒಯ್ದರೆ 8 ಟನ್ನಿಗೇ ಸಮನಾಗುತ್ತದೆ. 6 ಮೀಟರ್ ದೂರದಲ್ಲಿ 4 ಟನ್ ಸಾಕು. ಇನ್ನು 4 ಮೀಟರ್ ದೂರದಲ್ಲಿ? ಸರಿಯಾಗಿ 6 ಟನ್! ನಾವು ಕಂಡ ದೋಣಿಯು ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ತೂಗುತ್ತಿತ್ತು. ಹಿಂಗಾಲಿಗಳು ಮೇಲೆದ್ದುದರಲ್ಲಿ ಸೋಜಿಗವೇನೂ ಇರಲಿಲ್ಲ. ವಾಸ್ತವದಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಕೈಯನ್ನು ಚಾಚಿದಂತೆಲ್ಲ ಕೈಯ ತೂಕವೂ ಮುಂದಕ್ಕೆ ಸರಿಯುವುದರಿಂದ ಯಂತ್ರದ ಗುರುತ್ವಕೇಂದ್ರ ಒಂದೇ ಕಡೆ ನಿಲ್ಲುವುದಿಲ್ಲ. ಕೊಕ್ಕೆ, ರಾಟೆಗಳ ಕಟ್ಟು, ಬೆಲ್ಟು, ಸರಪಳಿ ಇವುಗಳ ತೂಕವನ್ನೂ ಎತ್ತುವ ಭಾರದಲ್ಲಿಯೇ ಸೇರಿಸಿಕೊಳ್ಳಬೇಕು.

ಹಾಗಾದರೆ '14 ಟನ್' ಎಂಬ ಬರಹ ಸುಳ್ಳೆ? ಸುಳ್ಳಲ್ಲ, ಆದರೆ ಅರ್ಧ ಮಾತು. ಕೈಯನ್ನು ಪೂರ್ತಿ ಮಡಿಚಿ, ಭಾರವನ್ನು ಯಂತ್ರದ ಮುಖಕ್ಕೆ ಅಂಟಿಸಿದಂತೆ ಹಿಡಿದಾಗ, ಗಟ್ಟಿಯಾದ ಸಮತಟ್ಟು ನೆಲದ ಮೇಲೆ, ಗಾಳಿಯಿಲ್ಲದ ವೇಳೆಯಲ್ಲಿ ಅದು ಎತ್ತಬಲ್ಲ ಅತಿ ಹೆಚ್ಚಿನ ಭಾರ ಅದು. ಕ್ರೇನಿಗೆ ಹೆಸರಿಡಲು ಆ ಅಂಕಿ ಉಪಯೋಗಕ್ಕೆ ಬರುತ್ತದೆ, ಬಾಡಿಗೆಯನ್ನು ಗೊತ್ತುಮಾಡಲು ಬರುತ್ತದೆ. ನಿರ್ದಿಷ್ಟವಾದ ಒಂದು ದೋಣಿಯನ್ನು ನಿರ್ದಿಷ್ಟವಾದ ಒಂದು ದೂರದಲ್ಲಿ ಎತ್ತಬಹುದೇ ಎಂಬುದಕ್ಕೆ ಬಾರದು. ಅದಕ್ಕೆ ಉತ್ತರ ಕೊಡುವುದು ಚಾಲಕನ ಕೋಣೆಯಲ್ಲಿರುವ ಭಾರಪಟ್ಟಿ. ಅದರಲ್ಲಿ ಕೈಯ ಉದ್ದವನ್ನೂ ಭಾರದ ದೂರವನ್ನೂ ಕೊಟ್ಟು, ಎರಡೂ ಕೂಡುವ ಮನೆಯಲ್ಲಿ ಎತ್ತಬಹುದಾದ ಭಾರವನ್ನು ಬರೆದಿರುತ್ತಾರೆ.

ಆ ಪಟ್ಟಿಯ ಅಂಕಿಗಳು ಯಂತ್ರವು ಉರುಳುವ ಅಂಕಿಗಳಲ್ಲ. ಉರುಳುವ ಭಾರದ ಒಂದು ಭಾಗವನ್ನು ಮಾತ್ರ ಎತ್ತಲು ಅನುಮತಿ. ಅಮೆರಿಕದ ಪದ್ಧತಿಯಲ್ಲಿ ಗಾಲಿಗಳ ಮೇಲೆಯೇ ನಿಂತು ಎತ್ತುವ ಕ್ರೇನಿಗೂ ಸರಪಳಿಪಟ್ಟೆಯ ಮೇಲೆ ಚಲಿಸುವ ಕ್ರೇನಿಗೂ ನೂರಕ್ಕೆ 75, ಔಟ್‌ರಿಗ್ಗರ್‌ಗಳನ್ನು ಪೂರ್ತಿ ಚಾಚಿ ನಿಂತ ಕ್ರೇನಿಗೆ ನೂರಕ್ಕೆ 85 ಎಂದು ಮಿತಿಯಿದೆ. ನಮ್ಮ ಉದಾಹರಣೆಯ ಯಂತ್ರಕ್ಕೆ 75ರ ಲೆಕ್ಕವನ್ನು ಹಿಡಿದರೆ 4 ಮೀಟರ್ ದೂರದಲ್ಲಿ ಅದು ಎತ್ತಬೇಕಾದದ್ದು ನಾಲ್ಕೂವರೆ ಟನ್ನನ್ನು ಮಾತ್ರ. ಉಳಿದ ಒಂದೂವರೆ ಟನ್ನು ಯಾರೂ ಮುಟ್ಟಬಾರದ ಠೇವಣಿ. ಎತ್ತುವ ವಸ್ತು ತೂಗಾಡುವುದು, ಬ್ರೇಕು ಹಾಕಿದಾಗ ಜಗ್ಗುವುದು, ಒಡೆಯನು ಹೇಳಿದ ತೂಕದಲ್ಲಿ ತಪ್ಪಿರುವುದು ಮೊದಲಾದ ಆಕಸ್ಮಿಕಗಳ ಖರ್ಚೆಲ್ಲ ಆ ಠೇವಣಿಯಿಂದಲೇ ಹೋಗಬೇಕು.

ಇಲ್ಲಿ ಇನ್ನೊಂದು ಸಂಗತಿಯಿದೆ. ಅದೇ 24 ಟನ್-ಮೀಟರಿನ ಕ್ರೇನು ಮುಂಗಾಲಿಗಳಿಂದ ಅರ್ಧ ಮೀಟರ್ ದೂರದಲ್ಲಿ ಎಷ್ಟನ್ನು ಎತ್ತೀತು? ಸನ್ನೆಯ ನಿಯಮದಂತೆ 48 ಟನ್! ಆದರೆ ಹಾಗೆ ಎತ್ತಲು ಹೋದರೆ ಯಂತ್ರ ಉರುಳುವುದಕ್ಕಿಂತ ಮುಂಚೆಯೇ ತಂತಿಹಗ್ಗ ಹರಿಯುತ್ತದೆ, ಇಲ್ಲವೇ ಕೈ ಬಾಗುತ್ತದೆ. ಆದುದರಿಂದ ಭಾರಪಟ್ಟಿಯೊಳಗೆ ಎರಡು ರಾಜ್ಯಗಳಿವೆಯೆನ್ನಬಹುದು. ಭಾರ ಹತ್ತಿರವಿರುವಾಗ ಮಿತಿಯನ್ನು ಗೊತ್ತುಮಾಡುವುದು ಉಕ್ಕಿನ ಬಲ. ದೂರವಿರುವಾಗ ಗೊತ್ತುಮಾಡುವುದು ಸಮತೋಲ. ಅನೇಕ ಪಟ್ಟಿಗಳಲ್ಲಿ ಇವೆರಡರ ನಡುವೆ ದಪ್ಪನೆಯ ಗೆರೆಯೊಂದನ್ನು ಎಳೆದಿರುತ್ತಾರೆ. ಈ ಗೆರೆಯನ್ನು ತಿಳಿಯದವರು ದೊಡ್ಡ ತಪ್ಪೊಂದನ್ನು ಮಾಡುವುದುಂಟು. 'ಹಿಂಗಾಲಿ ಏಳುವ ತನಕ ಭಯವಿಲ್ಲ, ಎದ್ದರೆ ಇಳಿಸಿದರಾಯಿತು' ಎಂದು ಕ್ರೇನನ್ನೇ ತಕ್ಕಡಿಯಾಗಿ ಬಳಸುತ್ತಾರೆ. ಉಕ್ಕಿನ ರಾಜ್ಯದಲ್ಲಿ ಗಾಲಿ ಏಳುವುದೇ ಇಲ್ಲ. ಅಲ್ಲಿ ಮೊದಲ ಸೂಚನೆಯೂ ಕೊನೆಯ ಸೂಚನೆಯೂ ಒಂದೇ ಆಗಿರುತ್ತದೆ. ಸಮತೋಲದ ರಾಜ್ಯದಲ್ಲಿಯೂ ಏಳುವ ಗಾಲಿ ನಂಬತಕ್ಕ ಗೆಳೆಯನಲ್ಲ. ಯಂತ್ರವು ಮುಂದಕ್ಕೆ ವಾಲುತ್ತಿದ್ದಂತೆ ಕೈಯ ತುದಿ ಮುಂದಕ್ಕೆ ಸರಿದು ಭಾರದ ದೂರ ಹೆಚ್ಚುತ್ತದೆ, ಯಂತ್ರದ ಗುರುತ್ವಕೇಂದ್ರವು ಆನಿಕೆಯ ಕಡೆಗೆ ಬರುತ್ತದೆ. ಬೀಳಿಸುವ ಭ್ರಾಮಕ ಬೆಳೆಯುತ್ತದೆ, ಹಿಡಿದಿಡುವ ಭ್ರಾಮಕ ಕರಗುತ್ತದೆ. ನಮ್ಮ ಚಾಲಕನು ದೋಣಿಯನ್ನು ಹಿಂದಕ್ಕಿಳಿಸಲು ಸಾಧ್ಯವಾದದ್ದು ಅದು ನೀರಿಗೆ ಒಂದು ಮೊಳವಷ್ಟೇ ಮೇಲಿದ್ದುದರಿಂದ. ಹತ್ತು ಮೀಟರ್ ಎತ್ತರದಲ್ಲಿದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು.

ದೊಡ್ಡ ಕ್ರೇನುಗಳು ಗಾಲಿಗಳ ಮೇಲೆ ನಿಂತು ಎತ್ತುವುದಿಲ್ಲ. ನಾಲ್ಕು ಉಕ್ಕಿನ ತೋಳುಗಳನ್ನು ಪಕ್ಕಕ್ಕೆ ಚಾಚಿ, ಜಾಕುಗಳನ್ನು ನೆಲಕ್ಕೂರಿ, ಗಾಲಿಗಳನ್ನೇ ನೆಲದಿಂದ ಬಿಡಿಸಿ ನಿಲ್ಲುತ್ತವೆ. ಇವೇ ಔಟ್‌ರಿಗ್ಗರ್‌ಗಳು. ಈ ಹೆಸರು ಬಂದುದು ನಾವಿಕರ ಭಾಷೆಯಿಂದ. ನಮ್ಮ ಕರಾವಳಿಯ ಕಿರಿದಾದ ಪಾತಿ ದೋಣಿಗಳಲ್ಲಿ ಕೆಲವಕ್ಕೆ ಒಂದು ಪಕ್ಕದಲ್ಲಿ ಎರಡು ಕೋಲುಗಳನ್ನು ಚಾಚಿ, ಅವುಗಳ ತುದಿಗೆ ತೇಲುವ ಮರವೊಂದನ್ನು ಕಟ್ಟಿರುವುದನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಮರ ಕೊರೆದು ಮಾಡಿದ ಅಗಲವಿಲ್ಲದ ದೋಣಿಯು ಅಲೆಗೆ ಮಗುಚದಂತೆ ಅದು ಕಾಯುತ್ತದೆ. ಕ್ರೇನಿನ ತೋಳುಗಳ ಕೆಲಸವೂ ಅದೇ: ಆನಿಕೆಯ ಗೆರೆಯನ್ನು ಹೊರಕ್ಕೆ ತಳ್ಳುವುದು. ಗೆರೆ ಹೊರಕ್ಕೆ ಹೋದರೆ ಭಾರದ ತೋಳು ಕಿರಿದಾಗುತ್ತದೆ, ಯಂತ್ರದ ತೋಳು ಹಿರಿದಾಗುತ್ತದೆ; ಒಂದೇ ಏಟಿಗೆ ಎರಡು ಲಾಭ. ಇಕ್ಕಟ್ಟಾದ ಹೆದ್ದಾರಿಯಲ್ಲಿ ವಾಹನಗಳಿಗೆ ದಾರಿ ಬಿಡಲೆಂದು ಒಂದು ಪಕ್ಕದ ತೋಳನ್ನು ಅರ್ಧವೇ ಚಾಚಿದರೆ ಆ ಪಕ್ಕದಲ್ಲಿ ಎರಡು ಲಾಭವೂ ಹೋಗುತ್ತವೆ. ಪೂರ್ತಿ ಚಾಚಿದಾಗಿನ ಪಟ್ಟಿಯನ್ನು ನೋಡಿ ಅಲ್ಲಿ ಭಾರವೆತ್ತುವುದು ಕುರುಡು ಸಾಹಸ.

ತೋಳು ಚಾಚಿದರೂ ನೆಲದ ಪ್ರಶ್ನೆ ಉಳಿಯುತ್ತದೆ. ನಮ್ಮ ಪ್ರದೇಶದಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯೆಂದು ನಮ್ಮ ಅಭಿಪ್ರಾಯ. ಈ ಮೂರು ತಾಲ್ಲೂಕುಗಳಿಗೆ ಭಾರಿ ಕಟ್ಟಡದ ಕೆಲಸ ಹೊಸದಲ್ಲ. ಕೊಂಕಣ ರೈಲ್ವೆಯು 1998ರ ಜನವರಿ 26ರಂದು ಪೂರ್ಣವಾಗಿ ತೆರೆಯಿತು. ಆ ಮಾರ್ಗದ ಅತಿ ಉದ್ದದ ಸೇತುವೆ, 2 ಕಿಲೋಮೀಟರಿಗೂ ಮಿಕ್ಕಿದ್ದು, ಹೊನ್ನಾವರದಲ್ಲಿ ಶರಾವತಿಯ ಮೇಲಿದೆ. ಅನಂತರ ಹೆದ್ದಾರಿಯನ್ನು ಅಗಲಗೊಳಿಸುವ ಕೆಲಸ ಬಂದಿತು. ಈ ಕೆಲಸಗಳು ನಡೆಯುವ ನೆಲ ಎಂಥದು? ನೂರು ಹೆಜ್ಜೆಯೊಳಗೆ ಮೂರು ಬಗೆಯದು! ಗುಡ್ಡದ ಕಡೆ ಕಬ್ಬಿಣದಂತಹ ಚಿರೆಕಲ್ಲು, ಅದರ ಕೆಳಗೆ ಹೊಸದಾಗಿ ತುಂಬಿದ ಕೆಂಪುಮಣ್ಣು, ಅದನ್ನು ದಾಟಿದರೆ ಗದ್ದೆಯ ಕೆಸರು. ಅಘನಾಶಿನಿಯ ಅಳಿವೆಯ ಗಜನಿ ಭೂಮಿಯಲ್ಲಿ ಇಳಿತದ ವೇಳೆ ನಡೆದು ನೋಡಿದವರಿಗೆ ಆ ಕೆಸರಿನ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ.

24 ಟನ್ ತೂಕದ ಕ್ರೇನು 6 ಟನ್ನನ್ನು ಎತ್ತಿದೆಯೆನ್ನೋಣ. ಒಟ್ಟು 30 ಟನ್. ನಾಲ್ಕು ಕಾಲುಗಳಿಗೂ ಇದು ಸಮವಾಗಿ ಹಂಚಿಹೋಗುತ್ತದೆಂದು ತಿಳಿಯಬಾರದು. ಕೈಯು ಒಂದು ಮೂಲೆಯ ಕಡೆಗೆ ತಿರುಗಿದಾಗ ಆ ಮೂಲೆಯ ಒಂದೇ ಕಾಲು ಮೂರರಲ್ಲಿ ಎರಡು ಪಾಲನ್ನು, ಎಂದರೆ 20 ಟನ್ನನ್ನು, ಹೊರಬೇಕಾಗಿ ಬರಬಹುದು. ಕಾಲಿನ ಪಾದವು 40 ಸೆಂಟಿಮೀಟರಿನ ಚೌಕವಾದರೆ ಅದರಡಿಯ ಒತ್ತಡ ಚದರ ಮೀಟರಿಗೆ 125 ಟನ್. ಮೆದುವಾದ ಜೇಡಿಮಣ್ಣು ಚದರ ಮೀಟರಿಗೆ 5ರಿಂದ 10 ಟನ್ನಿಗಿಂತ ಹೆಚ್ಚನ್ನು ಭದ್ರವಾಗಿ ಹೊರಲಾರದು. ಹಾಗಾದರೆ ಉಪಾಯವೇನು? ಪಾದದ ಕೆಳಗೆ ದಪ್ಪನೆಯ ಮರದ ತೊಲೆಗಳನ್ನು ಒತ್ತಾಗಿ ಹಾಸಿ, ಒಂದೂವರೆ ಮೀಟರಿನ ಚೌಕವನ್ನು ಮಾಡಿದರೆ ಒತ್ತಡ 9 ಟನ್ನಿಗೆ ಇಳಿಯುತ್ತದೆ. ಹಳೆಯ ರೈಲ್ವೆ ಸ್ಲೀಪರುಗಳ ಒಂದು ರಾಶಿಯನ್ನು ಕ್ರೇನಿನ ಜೊತೆಗೆ ತರುವ ಚಾಲಕನನ್ನು ಕಂಡರೆ ಆತನು ಕೆಲಸ ಬಲ್ಲವನೆಂದು ತಿಳಿಯಬಹುದು.

ಕಾಲು ಕುಸಿದು ಕ್ರೇನು ಕೇವಲ 3 ಡಿಗ್ರಿ ಓರೆಯಾದರೆ ಏನಾಗುತ್ತದೆ? ಕೈಯ ತುದಿ 18 ಮೀಟರ್ ಎತ್ತರದಲ್ಲಿದ್ದರೆ ಅದು 94 ಸೆಂಟಿಮೀಟರಿನಷ್ಟು ಹೊರಕ್ಕೆ ಸರಿಯುತ್ತದೆ. ಯಾರೂ ಯಾವ ಗುಂಡಿಯನ್ನೂ ಒತ್ತದೆ ಭಾರದ ದೂರ ತಾನಾಗಿ ಸುಮಾರು ಒಂದು ಮೀಟರ್ ಹೆಚ್ಚಿತು. ಭಾರಪಟ್ಟಿಗಳು ಸಾಮಾನ್ಯವಾಗಿ ನೂರಕ್ಕೆ ಒಂದರಷ್ಟು ಓರೆಯನ್ನು ಮಾತ್ರ, ಎಂದರೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚನ್ನು ಮಾತ್ರ, ಸಹಿಸುತ್ತವೆ. ಜೂನ್ ತಿಂಗಳಲ್ಲಿ ಬೆಳಿಗ್ಗೆ ಗಟ್ಟಿಯಾಗಿದ್ದ ತುಂಬುಮಣ್ಣು ಮಧ್ಯಾಹ್ನದ ಮಳೆಯ ಅನಂತರ ಅದೇ ಮಣ್ಣಾಗಿರುವುದಿಲ್ಲ ಎಂಬುದನ್ನು ಇದರ ಜೊತೆಗೆ ಓದಿಕೊಳ್ಳಬೇಕು.

ನೀರಿನಿಂದ ಎತ್ತುವ ಕೆಲಸ ಇನ್ನೂ ಕಠಿನ. 2024ರ ಜುಲೈ 16ರಂದು, ಕುಮಟಾದಿಂದ ಉತ್ತರಕ್ಕೆ ಅಂಕೋಲಾದ ದಾರಿಯಲ್ಲಿರುವ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರು ಮಣ್ಣಿನೊಂದಿಗೆ ಗಂಗಾವಳಿ ನದಿಯ ಪಾಲಾದುದನ್ನು ನಾಡು ಮರೆತಿಲ್ಲ. ಆಗ ನದಿಯಲ್ಲಿ ಮುಳುಗಿದ ಲಾರಿಯೊಂದು ಮೇಲಕ್ಕೆ ಬಂದುದು ಸೆಪ್ಟೆಂಬರ್ 25ರಂದು. ಗೋವೆಯಿಂದ ತಂದ ಹೂಳೆತ್ತುವ ನೌಕೆಯ ಮೇಲಿನ ಕ್ರೇನು ಅದನ್ನೆತ್ತಿತು. ಎರಡು ತಿಂಗಳಿಗೂ ಮಿಕ್ಕಿ ಏಕೆ ಬೇಕಾಯಿತೆಂದು ಅನೇಕರು ಕೇಳಿದ್ದರು. ಮಳೆಗಾಲದ ಸೆಳೆತವೂ ನದಿಗೆ ಬಿದ್ದ ಮಣ್ಣಿನ ರಾಶಿಯೂ ಮುಖ್ಯ ಕಾರಣಗಳು. ಅವಿಲ್ಲದೆ ಇದ್ದರೂ ಅಂಥ ಎತ್ತುಗೆಯ ಭೌತಶಾಸ್ತ್ರ ಸುಲಭವಾದುದಲ್ಲ.

ನೀರಿನೊಳಗೆ ವಸ್ತುವು ತಾನು ಸರಿಸಿದ ನೀರಿನ ತೂಕದಷ್ಟು ಹಗುರವಾಗಿ ತೋರುತ್ತದೆಂಬುದು ಆರ್ಕಿಮಿಡೀಸನ ನಿಯಮ. ಉಕ್ಕು ನೀರಿಗಿಂತ ಸುಮಾರು ಎಂಟು ಪಾಲು ಸಾಂದ್ರವಾದುದರಿಂದ 10 ಟನ್ ಉಕ್ಕು ನೀರಿನಲ್ಲಿ ಎಂಟೂಮುಕ್ಕಾಲು ಟನ್ನಿನಷ್ಟೇ ತೂಗುತ್ತದೆ. ತಳದಿಂದ ಮೇಲೇಳುವಾಗ ಚಾಲಕನ ಮಾಪಕ ಈ ಕಡಿಮೆ ಅಂಕಿಯನ್ನೇ ತೋರಿಸುತ್ತದೆ. ವಸ್ತುವು ನೀರಿನ ಮೈಯನ್ನು ಸೀಳಿ ಹೊರಬರುವ ಕ್ಷಣದಲ್ಲಿ ಆ ರಿಯಾಯಿತಿ ಮುಗಿಯುತ್ತದೆ. ಅದರೊಳಗೆ ತುಂಬಿದ ನೀರು ಅಲ್ಲಿಯ ವರೆಗೆ ತೂಕವೇ ಇಲ್ಲದಂತಿದ್ದದ್ದು, ಈಗ ಘನ ಮೀಟರಿಗೆ ಒಂದು ಟನ್ನಿನಂತೆ ಲೆಕ್ಕಕ್ಕೆ ಬರುತ್ತದೆ; ಕೆಸರಾದರೆ ಇನ್ನೂ ಹೆಚ್ಚು. ಆದುದರಿಂದ ಬಲ್ಲವರು ವಸ್ತುವನ್ನು ನೀರಿನ ಮೈಯಲ್ಲಿ ನಿಲ್ಲಿಸಿ, ಒಳಗಿನ ನೀರು ಬಸಿದುಹೋಗುವಷ್ಟು ಹೊತ್ತು ಕಾಯುತ್ತಾರೆ. ತಳದ ಹೂಳು ವಸ್ತುವನ್ನು ಹೀರಿ ಹಿಡಿದುಕೊಂಡಿರುವುದು ಬೇರೆ. ಆ ಹಿಡಿತದ ಬಲ ಎಷ್ಟೆಂದು ಮುಂದಾಗಿ ಹೇಳಲಾಗದು. ಅದು ಬಿಟ್ಟುಕೊಂಡಾಗ ಒಮ್ಮೆಲೇ ಬಿಡುತ್ತದೆ. ನಾವು ಕಂಡ ದೋಣಿಯು ನೀರನ್ನು ಪೂರ್ತಿ ಬಿಡುವಾಗಲೇ ಗಾಲಿಗಳು ಎದ್ದುವೆಂಬುದನ್ನು ವಾಚಕರು ಇಲ್ಲಿ ನೆನೆಸಿಕೊಳ್ಳಬಹುದು. ದೋಣಿಯ ತಳದಲ್ಲಿ ನಿಂತಿದ್ದ ನೀರನ್ನು ಯಾರೂ ಮೊಗೆದು ಚೆಲ್ಲಿರಲಿಲ್ಲ.

ಕ್ರೇನೇ ತೇಲುವ ನೌಕೆಯ ಮೇಲಿದ್ದರೆ ನೆಲವೆಂಬುದೇ ಇಲ್ಲ. ಭಾರವನ್ನು ಎತ್ತಿದ ಕಡೆಗೆ ನೌಕೆ ವಾಲುತ್ತದೆ, ವಾಲಿದಷ್ಟೂ ದೂರ ಹೆಚ್ಚುತ್ತದೆ, ದೂರ ಹೆಚ್ಚಿದಷ್ಟೂ ಇನ್ನಷ್ಟು ವಾಲುತ್ತದೆ. ಹಾಲೆಂಡಿನ ಆಲ್ಫೆನ್ ಎಂಬ ಊರಿನಲ್ಲಿ 2015ರ ಆಗಸ್ಟ್ 3ರಂದು ನೌಕೆಗಳ ಮೇಲೆ ನಿಂತ ಎರಡು ಕ್ರೇನುಗಳು ಸೇತುವೆಯ ಒಂದು ಭಾಗವನ್ನು ಎತ್ತುತ್ತಿದ್ದಾಗ ಎರಡೂ ಉರುಳಿ ದಡದ ಮನೆಗಳ ಮೇಲೆ ಬಿದ್ದುವು. ನೀರಿನ ನಿಯಮಗಳನ್ನು ಶತಮಾನಗಳಿಂದ ಬಲ್ಲ ನಾಡಿನಲ್ಲಿಯೇ ಹೀಗಾಯಿತು.

ಗಾಳಿಯ ವಿಷಯವನ್ನು ಎರಡು ಮಾತಿನಲ್ಲಿ ಹೇಳಬಹುದು. ಅದರ ಒತ್ತಡ ವೇಗದ ವರ್ಗಕ್ಕೆ ಅನುಗುಣವಾದುದು. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಚದರ ಮೀಟರಿಗೆ ಸುಮಾರು 6 ಕಿಲೋಗ್ರಾಂ ತೂಕದಷ್ಟು ಒತ್ತಿದರೆ 20 ಮೀಟರ್ ವೇಗದ ಗಾಳಿ 24 ಕಿಲೋಗ್ರಾಮಿನಷ್ಟು ಒತ್ತುತ್ತದೆ. 20 ಚದರ ಮೀಟರಿನ ಹಲಗೆಯೊಂದು ತೂಗುತ್ತಿದ್ದರೆ ಅದನ್ನು ಪಕ್ಕಕ್ಕೆ ತಳ್ಳುವ ಬಲ 120ರಿಂದ 480 ಕಿಲೋಗ್ರಾಮಿಗೆ ಏರುತ್ತದೆ. ಆ ತಳ್ಳಾಟ ಬೀಳುವುದು ಅಷ್ಟೆತ್ತರದಲ್ಲಿರುವ ಕೈಯ ತುದಿಯ ಮೇಲೆ. ಅದೂ ಕೈ ಅಷ್ಟಾಗಿ ಬಲವಿಲ್ಲದ ಅಡ್ಡ ದಿಕ್ಕಿನಲ್ಲಿರಬಹುದು. ಅಮೆರಿಕದ ಮಿಲ್ವಾಕಿಯಲ್ಲಿ 1999ರ ಜುಲೈ 14ರಂದು ಕ್ರೀಡಾಂಗಣದ ಛಾವಣಿಯ ಭಾರಿ ತುಂಡೊಂದನ್ನು ಗಾಳಿಯಲ್ಲಿಯೇ ಎತ್ತಿದ ದೈತ್ಯ ಕ್ರೇನು ಮುರಿದುಬಿದ್ದು ಮೂವರು ಕೆಲಸಗಾರರು ಸತ್ತರು. ನಮ್ಮಲ್ಲಿ ಮಳೆಗಾಲದ ಗಾಳಿ ಪಡುವಣ ಕಡಲಿನಿಂದ ತಡೆಯಿಲ್ಲದೆ ನೇರವಾಗಿ ಬರುತ್ತದೆ.

ಬೆಲ್ಟನ್ನು ಕಟ್ಟುವ ಕೋನಕ್ಕೂ ಲೆಕ್ಕವುಂಟು. 10 ಟನ್ನನ್ನು ಎರಡು ನೆಟ್ಟಗಿನ ಬೆಲ್ಟುಗಳು ಹೊತ್ತರೆ ಒಂದೊಂದಕ್ಕೆ 5 ಟನ್. ಎರಡೂ ಮೇಲೆ ಒಂದೇ ಕೊಕ್ಕೆಗೆ ಕೂಡಿ, ನೆಲದೊಡನೆ 45 ಡಿಗ್ರಿ ಕೋನದಲ್ಲಿದ್ದರೆ 7 ಟನ್ನಿಗೂ ಮಿಕ್ಕಿತು. 30 ಡಿಗ್ರಿಯಾದರೆ ಒಂದೊಂದರ ಮೇಲೂ ಪೂರ್ತಿ 10 ಟನ್. ಬೆಲ್ಟು ಗಿಡ್ಡವಾಯಿತೆಂದು ಹಾಗೆಯೇ ಎಳೆದು ಸಿಕ್ಕಿಸುವವರು ಕೋನಮಾಪನವನ್ನು ಒಂದು ಸಲ ನೆನೆಯಬೇಕು.

1948ರ ಕಾರ್ಖಾನೆ ಕಾಯಿದೆಯ 29ನೆಯ ಕಲಮು ಎತ್ತುವ ಯಂತ್ರಗಳ ಮೇಲೆ ಭದ್ರ ಭಾರವನ್ನು ಕಾಣುವಂತೆ ಬರೆಯಬೇಕೆಂದೂ, ಅದನ್ನು ಮೀರಿ ಎತ್ತಬಾರದೆಂದೂ, ಹನ್ನೆರಡು ತಿಂಗಳಿಗೊಮ್ಮೆಯಾದರೂ ತಜ್ಞರಿಂದ ಪೂರ್ಣ ಪರೀಕ್ಷೆ ಮಾಡಿಸಬೇಕೆಂದೂ ವಿಧಿಸಿತ್ತು. ಇಂದಿನ ದೊಡ್ಡ ಕ್ರೇನುಗಳಲ್ಲಿ ಭಾರವನ್ನೂ ದೂರವನ್ನೂ ತಾನೇ ಅಳೆದು, ಮಿತಿ ಸಮೀಪಿಸಿದಾಗ ಗಂಟೆ ಬಾರಿಸಿ, ಮೀರಿದಾಗ ಯಂತ್ರವನ್ನೇ ತಡೆಯುವ ಉಪಕರಣಗಳಿವೆ. ಅವು ಬಹಳ ಒಳ್ಳೆಯವು. ಆದರೆ ಪಾದದಡಿಯ ಮಣ್ಣು ಎಂಥದೆಂದು ಅವಕ್ಕೆ ತಿಳಿಯದು, ಮುಂದಿನ ಕ್ಷಣದಲ್ಲಿ ಬೀಸುವ ಗಾಳಿಯೂ ತಿಳಿಯದು. ವಿಶಾಖಪಟ್ಟಣದ ಹಡಗುಕಟ್ಟೆಯಲ್ಲಿ 2020ರ ಆಗಸ್ಟ್ 1ರಂದು ಕ್ರೇನೊಂದು ಕುಸಿದು ಹನ್ನೊಂದು ಮಂದಿ ಸತ್ತದ್ದು ಅದರ ಭಾರಪರೀಕ್ಷೆ ನಡೆಯುತ್ತಿದ್ದಾಗಲೇ. ಆದುದರಿಂದಲೇ ತೂಗುವ ಭಾರದ ಕೆಳಗೂ, ಅದು ಬೀಳಬಹುದಾದ ಸುತ್ತಳತೆಯೊಳಗೂ ಮನುಷ್ಯರು ಇರಕೂಡದೆಂಬ ನಿಯಮಕ್ಕೆ ಯಾವ ಉಪಕರಣವೂ ಬದಲಿಯಾಗಲಾರದು. ಬಂದರಿನಲ್ಲಿ ದೋಣಿ ಎತ್ತುವುದನ್ನು ನೋಡಲು ಹುಡುಗರು ನಿಲ್ಲುವುದು ಸಾಮಾನ್ಯವಾಗಿ ಅಲ್ಲಿಯೇ.

ನಮ್ಮ ಚಾಲಕನ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೇವೆ. 'ಎತ್ತಿಸಿ' ಎಂದವರಿಗೆ ಆತನು ಉತ್ತರವನ್ನೇ ಕೊಡಲಿಲ್ಲ. ಕೆಳಗಿಳಿದು, ಮುಂಗಾಲಿಯಿಂದ ದೋಣಿಯ ನಡುವಿನ ವರೆಗೆ ಹೆಜ್ಜೆಹಾಕಿ ಅಳೆದನು. ಇಬ್ಬರನ್ನು ದೋಣಿಗಿಳಿಸಿ ತಳದ ನೀರನ್ನು ಮೊಗೆಸಿದನು. ಬಲೆಗಳನ್ನೂ ಮಂಜುಗಡ್ಡೆಯ ಪೆಟ್ಟಿಗೆಗಳನ್ನೂ ತೆಗೆಸಿದನು. ಕಟ್ಟೆಯಿಲ್ಲದ, ಕಲ್ಲು ಹಾಸಿದ ಜಾಗ ಮೂವತ್ತು ಗಜ ದೂರದಲ್ಲಿತ್ತು. ದೋಣಿಯನ್ನು ಹಗ್ಗದಿಂದ ಅಲ್ಲಿಗೆ ಎಳೆಸಿ, ಕ್ರೇನನ್ನು ನೀರಿನ ಅಂಚಿಗೆ ತಂದು, ಕೈಯನ್ನು ಮಡಿಚಿ ಹಿಡಿದನು. ಇಷ್ಟೆಲ್ಲಕ್ಕೆ ಒಂದೂವರೆ ಗಂಟೆ ಹಿಡಿಯಿತು, ಅಷ್ಟರಲ್ಲಿ ಒಡೆಯರ ಗೊಣಗಾಟವೂ ಜೋರಾಗಿತ್ತು. ದೋಣಿ ಮೇಲೆದ್ದಾಗ ಮುಂಗಾಲಿಗೂ ಅದಕ್ಕೂ ಎರಡು ಮೀಟರಿನಷ್ಟೇ ಅಂತರವಿತ್ತು. ಹಿಂಗಾಲಿಗಳು ನೆಲವನ್ನು ಬಿಡಲಿಲ್ಲ.